ಕೆಥೆಟರ್‌ನಲ್ಲಿ ಹಾಕಿದ ವಾಲ್ವ್: ಮೊದಲ ಎಕೋ ಚೀಟಿ ಜೋಪಾನ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಿರಿಯರಿಗೆ ನಾನು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುತ್ತೇನೆ. ಹೃದಯದ ವಾಲ್ವ್ (ಕವಾಟ) ಹಾಕುವುದು ನಾನಲ್ಲ. ತೊಡೆಯ ರಕ್ತನಾಳದಿಂದ ಕೆಥೆಟರ್ ಎಂಬ ಸಪೂರ ಕೊಳವೆ ತೂರಿಸಿ ವಾಲ್ವ್ ಹಾಕಿಸಿಕೊಂಡು ಮಂಗಳೂರಿನಿಂದ ಬಂದವರನ್ನು ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ ನನ್ನದು. ಎಲ್ಲರೂ ಕೇಳುವುದು ಒಂದೇ: "ಡಾಕ್ಟ್ರೇ, ಇದು ಎಷ್ಟು ವರ್ಷ ಬರ್ತದೆ?"

ಒಂದು ಅಂಕೆ ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಫ್ರಾನ್ಸಿನ ಅಲೈನ್ ಕ್ರಿಬಿಯೇ ಮನುಷ್ಯರಿಗೆ ಮೊದಲ ಸಲ ಹೀಗೆ ವಾಲ್ವ್ ಹಾಕಿದ್ದು 2002ರಲ್ಲಿ. ಉತ್ತರ ಯುರೋಪಿನ 280 ರೋಗಿಗಳ 'ನೋಷನ್' ಅಧ್ಯಯನದಲ್ಲಿ 10 ವರ್ಷದ ಹೊತ್ತಿಗೆ ಕೆಥೆಟರ್ ವಾಲ್ವ್ ತೀವ್ರವಾಗಿ ಸವೆದದ್ದು ಶೇ. 1.5ರಷ್ಟು ಮಂದಿಯಲ್ಲಿ. ಎದೆ ತೆರೆದು ಹಾಕಿದ ಅಂಗಾಂಶದ ವಾಲ್ವಿನಲ್ಲಿ ಅದು ಶೇ. 10. ಧೈರ್ಯ ಕೊಡುವ ಅಂಕಿ, ನಿಜ. ಆದರೆ ಆ ರೋಗಿಗಳ ಸರಾಸರಿ ವಯಸ್ಸು 79. ಹತ್ತು ವರ್ಷ ಮುಗಿಯುವಾಗ ಅರ್ಧಕ್ಕಿಂತ ಜಾಸ್ತಿ ಮಂದಿ ತೀರಿಕೊಂಡಿದ್ದರು. ಎಂಬತ್ತರ ಅಜ್ಜನಿಗೆ ಈ ಲೆಕ್ಕ ಸಾಕು. ಅರವತ್ತೆರಡರ ಮಗನಿಗೆ ಸಾಲದು.

ವಾಲ್ವಿನ ಎಸಳುಗಳು ಹಸು ಅಥವಾ ಹಂದಿಯ ಹೃದಯದ ಸುತ್ತಲಿನ ಪೊರೆಯವು. ಇದನ್ನು ಮನೆಯವರಿಗೆ ಮೊದಲೇ ಹೇಳಬೇಕು, ನಮ್ಮೂರಲ್ಲಿ ಇದು ಸಣ್ಣ ವಿಷಯವಲ್ಲ. ಪೊರೆಯನ್ನು ಎಷ್ಟೇ ಹದ ಮಾಡಿದ್ದರೂ ವರ್ಷ ಕಳೆದ ಹಾಗೆ ಕ್ಯಾಲ್ಸಿಯಂ ಕೂತು ಎಸಳು ಬಿರುಸಾಗುತ್ತದೆ, ಕೆಲವೊಮ್ಮೆ ಹರಿಯುತ್ತದೆ.

ಅದಕ್ಕೇ ನಾನು ಮೊದಲ ತಿಂಗಳ ಎಕೋಗೆ ಅಷ್ಟು ಬೆಲೆ ಕೊಡುತ್ತೇನೆ. ವಾಲ್ವಿನ ಹೆಸರು, ಸೈಜು, ಸರಾಸರಿ ಗ್ರೇಡಿಯೆಂಟ್, ಸೋರಿಕೆ, ಹೃದಯದ ಪಂಪಿಂಗ್, ಆ ಹೊತ್ತಿನ ಬಿಪಿ. ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡುತ್ತೇನೆ. ಗ್ರೇಡಿಯೆಂಟ್ ಅಂದರೆ ವಾಲ್ವಿನ ಎರಡು ಬದಿಯ ಒತ್ತಡದ ವ್ಯತ್ಯಾಸ. ವರ್ಷಕ್ಕೊಮ್ಮೆ ಅದೇ ಹಾಳೆ ಎದುರಿಗಿಟ್ಟು ಹೋಲಿಸುತ್ತೇನೆ. ಮೊದಲಿಗಿಂತ 10 ಮಿಲಿಮೀಟರ್ (ಬಿಪಿಯ ಹಾಗೆ ಪಾದರಸದ ಅಳತೆ) ಏರಿ 20 ದಾಟಿದರೆ ಸುಮ್ನೆ ಬಿಡುವ ಹಾಗಿಲ್ಲ. ಹಳೆಯ ಚೀಟಿಯೇ ಇಲ್ಲದಿದ್ದರೆ ಇವತ್ತಿನ 20 ಹೊಸದೋ, ಮೊದಲಿಂದ ಇದ್ದದ್ದೋ ಹೇಗೆ ತಿಳಿಯಬೇಕು? ಸಣ್ಣ ಸೈಜಿನ ವಾಲ್ವಿನಲ್ಲಿ ಶುರುವಿನಲ್ಲೇ ಜಾಸ್ತಿ ಇರಬಹುದು.

ಏರಿದ್ದೆಲ್ಲ ಸವೆತವೂ ಅಲ್ಲ. ಜ್ವರ, ರಕ್ತಹೀನತೆ ಇದ್ದರೂ ರಕ್ತದ ಓಟ ಹೆಚ್ಚಿ ಅಂಕೆ ಏರುತ್ತದೆ. ಪೆರ್ಲದ ಕಡೆಯ ಒಬ್ಬ ಅಡಿಕೆ ಕೃಷಿಕರಿಗೆ ಮೊದಲ ತಿಂಗಳು 9 ಇದ್ದದ್ದು ವರ್ಷದೊಳಗೆ 24ಕ್ಕೆ ಹೋಗಿತ್ತು. "ಹಾಳಾಯ್ತಾ ಡಾಕ್ಟ್ರೇ?" ಅಂತ ಮನೆಯವರು ಹೆದರಿದರು. ಇಷ್ಟು ಬೇಗ ಸವೆಯುವುದು ಅಪರೂಪ, ಮೊದಲು ಹೆಪ್ಪು ಇದೆಯಾ ನೋಡೋಣ ಅಂದೆ. ಸಿಟಿ ಸ್ಕ್ಯಾನಿನಲ್ಲಿ ಎಸಳಿನ ಮೇಲೆ ತೆಳುವಾಗಿ ರಕ್ತ ಹೆಪ್ಪುಗಟ್ಟಿತ್ತು. ಕೆಲವು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟೆವು. ಗ್ರೇಡಿಯೆಂಟ್ 11ಕ್ಕೆ ಇಳಿಯಿತು.

ನನಗೆ ಸವೆತಕ್ಕಿಂತ ಹೆಚ್ಚು ಭಯ ಸೋಂಕಿನದು. ಅದು ಒಳ್ಳೆಯ ವಾಲ್ವನ್ನೂ ವಾರಗಳಲ್ಲಿ ಕೆಡಿಸುತ್ತದೆ. ಎಲೆಅಡಿಕೆ ಹಾಕಿ ವಸಡು ಕೆಟ್ಟವರು ನಮ್ಮಲ್ಲಿ ಬಹಳ, ಅಲ್ವಾ? ವಾಲ್ವ್ ಹಾಕಿಸುವ ಮೊದಲೇ ಹಲ್ಲು ಸರಿಮಾಡಿಸಿ ಅನ್ನುತ್ತೇನೆ. ಆಮೇಲೆ ಹಲ್ಲು ಕೀಳಿಸುವುದಾದರೆ ಮುಂಚೆ ಆಂಟಿಬಯೋಟಿಕ್ ಬೇಕೇ ಬೇಕು. ಮಳೆಗಾಲದಲ್ಲಿ ಜ್ವರ ಬಂದರೆ ಮೆಡಿಕಲ್ ಶಾಪಿನಿಂದ ತಾವೇ ಆಂಟಿಬಯೋಟಿಕ್ ತಂದು ನುಂಗಬಾರದು. ಮೊದಲು ರಕ್ತದ ಕಲ್ಚರ್ ಆಗಲಿ. ಮಾತ್ರೆ ಹೊಟ್ಟೆಗೆ ಹೋದಮೇಲೆ ಕಲ್ಚರಿನಲ್ಲಿ ರೋಗಾಣು ಸಿಗುವುದು ಕಷ್ಟ.

ವಯಸ್ಸು ಕಡಿಮೆ ಇದ್ದವರ ಮಾತು ಬೇರೆ. ತಿರುವನಂತಪುರದಲ್ಲಿ ರೂಪುಗೊಂಡ ಚಿತ್ರಾ ವಾಲ್ವ್ 1990ರಿಂದ ರೋಗಿಗಳಿಗೆ ಹಾಕಲಾಗುತ್ತಿದೆ. ಅಂಥ ಯಾಂತ್ರಿಕ ವಾಲ್ವ್ ಬಹುಕಾಲ ಬರುತ್ತದೆ, ಆದರೆ ಎದೆ ತೆರೆಯಬೇಕು, ಜೀವಮಾನವಿಡೀ ವಾರ್ಫರಿನ್ ಬೇಕು. ಕೆಥೆಟರ್ ವಾಲ್ವೇ ಬೇಕು ಅನ್ನುವವರಿಗೆ ಒಂದು ಪ್ರಶ್ನೆ ಬರೆದು ಕಳಿಸುತ್ತೇನೆ: ಇದು ಸವೆದಾಗ ಇದರೊಳಗೆ ಇನ್ನೊಂದು ಕೂರುತ್ತದಾ, ಆಗ ಹೃದಯಕ್ಕೆ ರಕ್ತ ಕೊಡುವ ನಾಳಗಳ ಬಾಯಿ ಮುಚ್ಚದಾ? ಮೊದಲ ವಾಲ್ವ್ ಹಾಕುವ ಮುಂಚಿನ ಸಿಟಿ ನೋಡುವಾಗಲೇ ಡಾಕ್ಟರು ಇದಕ್ಕೆ ಉತ್ತರ ಕೊಡಬೇಕು.