ನಿಮ್ಮ ಪುಸ್ತಕ ನೀವೇ ಅಚ್ಚು ಹಾಕಿಸುವಾಗ: ಫಾರಂ, ಫಾಂಟು, ಬೆಲೆ

ಮೊದಲ ಪುಸ್ತಕವಾದರೆ ಪ್ರೆಸ್ಸಿಗೆ ಹೋಗುವ ಮುಂಚೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ನೋಡಿ. ಯುವ ಬರಹಗಾರರಿಂದ ಅಲ್ಲಿ ಕೇಳುವುದು ಹಸ್ತಪ್ರತಿಯನ್ನು, ಅಚ್ಚಾದ ಪುಸ್ತಕವನ್ನಲ್ಲ.

ಆಫ್‌ಸೆಟ್ ಅಚ್ಚಿನ ಲೆಕ್ಕ ನಡೆಯುವುದು ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತಿನಲ್ಲಿ. ಕಥೆ, ಕಾದಂಬರಿಗೆ ರೂಢಿಯ ಅಳತೆ ಡೆಮಿ 1/8, ಅಂದರೆ 5.5 × 8.5 ಇಂಚು, 16 ಪುಟಕ್ಕೆ ಒಂದು ಫಾರಂ. 163 ಪುಟಕ್ಕೆ ನಿಂತರೆ ಮೂರೇ ಪುಟಕ್ಕಾಗಿ ಹನ್ನೊಂದನೆಯ ಫಾರಂ ಬೀಳುತ್ತದೆ. ಮುನ್ನುಡಿ ಮೊಟಕು ಮಾಡಿ 160ಕ್ಕೆ ಇಳಿಸಿ, ಹೇಗೂ ಅವು ಉದ್ದವೇ ಇರುತ್ತವೆ. ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್ಲಿಥೊ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಸಾಕು. ಆಗ ಬೆನ್ನಿನ ದಪ್ಪ ಸುಮಾರು 7–8 ಮಿ.ಮೀ.; ಪುಟಸಂಖ್ಯೆ ಗಟ್ಟಿಯಾಗದೆ ಮುಖಪುಟ ಮಾಡಿಸಿದರೆ ಬೆನ್ನಿನ ಹೆಸರು ಪಕ್ಕಕ್ಕೆ ಜಾರುತ್ತದೆ.

ಹೆಚ್ಚು ಕೆಡುವುದು ಅಕ್ಷರ. ಹಳೆಯ ನುಡಿ, ಬರಹ ಫಾಂಟಿನ ಕಡತವನ್ನು ಯೂನಿಕೋಡಿಗೆ ಬದಲಿಸಿದಾಗ ನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ, ಅರ್ಕಾವತ್ತು ಜಾಗ ತಪ್ಪುತ್ತದೆ. ‘ಸೂರ್ಯ’, ‘ಕಾರ್ಯ’ದಂಥ ಪದ ಹುಡುಕಿ ನೋಡಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ‘ಫೇಸ್‌ಬುಕ್’ ಎಂಬುದು ‘ಫೇಸ್ಬುಕ್’ ಆಗಿದ್ದರೆ ನಡುವಿನ ಕಾಣದ ಅಕ್ಷರ ಅಳಿಸಿಹೋಗಿದೆ ಎಂದರ್ಥ. ಕೊನೆಯ ಕರಡನ್ನು ಪರದೆಯ ಮೇಲಲ್ಲ, ಕಾಗದದ ಮೇಲೆ ಓದಿ. ಫಾಂಟು ಒಳಸೇರಿಸಿದ ಪಿಡಿಎಫ್ ಮಾತ್ರ ಪ್ರೆಸ್ಸಿಗೆ ಕೊಡಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಲೇಖಕರಿಗೂ ಅದನ್ನು ಉಚಿತವಾಗಿ ಕೊಡುತ್ತದೆ. ಮುಖಪುಟ ಮಾಡಿಸುವ ಮೊದಲೇ ಅದಕ್ಕೆ ಅರ್ಜಿ ಹಾಕಿ.

ಆಫ್‌ಸೆಟ್‌ನಲ್ಲಿ ನೂರು ಪ್ರತಿಯಾದರೂ ಸಾವಿರವಾದರೂ ಅಚ್ಚೊತ್ತುವ ಲೋಹದ ಪ್ಲೇಟಿನ ಖರ್ಚು ಒಂದೇ. ಹಾಗಾಗಿ ಇನ್ನೂರು, ಮುನ್ನೂರು ಪ್ರತಿಗೆ ಪ್ಲೇಟು ಬೇಡದ ಡಿಜಿಟಲ್ ಅಚ್ಚಿನ ದರವನ್ನೂ ಕೇಳಿ. ಸಾವಿರಕ್ಕೆ ದರ ಇಳಿಯುತ್ತದೆ ನಿಜ, ಮಾರಾಟವಾಗದ ಏಳುನೂರು ಪ್ರತಿ ಮಂಚದ ಕೆಳಗೆ ಸೇರುವುದೂ ಅಷ್ಟೇ ನಿಜ. ಬೆಲೆ ಹಾಕುವಾಗ ಅಂಗಡಿಯವರ ಪಾಲು ಮರೆಯಬೇಡಿ: ಪ್ರತಿಗೆ 80 ರೂಪಾಯಿ ಬಿದ್ದ ಪುಸ್ತಕಕ್ಕೆ 120 ಎಂದು ಮುದ್ರಿಸಿ 40% ಕಮಿಷನ್ ಕೊಟ್ಟರೆ ಕೈಗೆ ಬರುವುದು 72.

ಪುಸ್ತಕ ಸಲ್ಲಿಕೆಯ 1954ರ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳಿಸಬೇಕು. ಓದುಗರಿಗೆ ಅಂಚೆಯಲ್ಲಿ ಕಳಿಸಲು 2025ರಲ್ಲಿ ಶುರುವಾದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಸೇವೆ ಅಗ್ಗ, 300 ಗ್ರಾಂವರೆಗೆ 20 ರೂಪಾಯಿಯಿಂದ ಆರಂಭವಾಗಿತ್ತು. ಮೇಲೆ ಹೇಳಿದ 160 ಪುಟದ ಪುಸ್ತಕ ಸುಮಾರು 190 ಗ್ರಾಂ ತೂಗುತ್ತದೆ. 240 ಪುಟ ದಾಟಿದರೆ ಲಕೋಟೆ ಸಮೇತ ತೂಗಿ ನೋಡಿ.