ಗಡಿಯಾರದ ಮೇಲ್‌ಗೆ ಬಣ್ಣ ಹಚ್ಚಲು ಕಲಿತದ್ದು

2025ರ ನವೆಂಬರ್ 3, ಸೋಮವಾರ. ಸಂಜೆ 7:30ಕ್ಕೆ ನಮ್ಮ ಟೀಮಿನ ಅರ್ಧ ಜನ ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿ ಕೂತಿದ್ದರು. ನ್ಯೂಯಾರ್ಕಿನವರು ಯಾರೂ ಇಲ್ಲ. ಹಿಂದಿನ ದಿನವೇ ಅವರ ಗಡಿಯಾರ ಒಂದು ತಾಸು ಹಿಂದೆ ಹೋಗಿತ್ತು, ಅವರ ಬೆಳಗಿನ 10 ಅಂದರೆ ನಮಗೆ ಇನ್ನು ಮೇಲೆ 8:30. ಇದನ್ನು ನಾನು ಶುಕ್ರವಾರವೇ ಮೇಲ್ ಮಾಡಿದ್ದೆ. ಆದರೆ ಹೊಸ ಸಮಯ ಮೂರನೇ ಪ್ಯಾರಾದ ಮಧ್ಯದಲ್ಲಿ ಎಲ್ಲೋ ಮುಳುಗಿತ್ತು. ಯಾರು ಓದುತ್ತಾರೆ, ಹೇಳಿ.

ನಾನು ಪ್ರೋಗ್ರಾಮರ್ ಅಲ್ಲ. ಪುಣೆಯ ಹಿಂಜೇವಾಡಿಯಲ್ಲಿ ಮೀಟಿಂಗ್ ಹೊಂದಿಸುವುದು, ರಿಪೋರ್ಟ್ ಕಳಿಸುವುದು ನನ್ನ ಕೆಲಸ. ವಾಕಡ್‌ನಲ್ಲಿ ರೂಮು. ರೂಮ್‌ಮೇಟ್ ಬೆಳಗಾವಿಯವನು, ವೆಬ್ ಡೆವಲಪರ್. ಮೇಲ್‌ನಲ್ಲಿ ಸಮಯ ಎದ್ದು ಕಾಣಬೇಕು ಅಂದಾಗ ಅವನೇ ಅಂದ, "ಸುಮ್ನ ಇನ್‌ಲೈನ್ ಸಿಎಸ್‌ಎಸ್ ಕಲಿ ಮಾರಾಯಾ, ಎರಡು ದಿನದ ಕೆಲಸ." ನನಗೆ ಎರಡು ವಾರ ಹಿಡಿಯಿತು, ಅದು ಬೇರೆ ಮಾತು. ಸಿಎಸ್‌ಎಸ್ ಅಂದರೆ ವೆಬ್ ಪುಟದ ಅಕ್ಷರಗಳ ಬಣ್ಣ, ಗಾತ್ರ, ಜಾಗ ಹೇಳುವ ಭಾಷೆ. ಅದನ್ನು ಪದದ ಸುತ್ತ ಹಾಕುವ ಕೋಡ್ ಗುರುತಿನೊಳಗೇ, ಅಂದರೆ ಟ್ಯಾಗಿನೊಳಗೇ, ಬರೆದರೆ ಇನ್‌ಲೈನ್.

ಕಲಿಯಲು ಒಂದಿಷ್ಟು ಪಠ್ಯ ಬೇಕಲ್ವಾ. ಅದೇ ವಾರ ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳಿದ್ದಳು, "ಗಡಿಯಾರ ಹಿಂದ ಮಾಡೂದು ಅಂದ್ರ ಏನೋ? ಹೊತ್ತು ಯಾರ ಮಾತು ಕೇಳತೈತಿ?" ಅವಳಿಗೆ ಹೇಳಿದ್ದನ್ನೇ ಕನ್ನಡದಲ್ಲಿ ಟೈಪ್ ಮಾಡಿಕೊಂಡೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ, ಜನ ಮಲಗಿರುವಾಗ ಆ ಬೆಳಕು ದಂಡ, ಅದಕ್ಕೆ ಗಡಿಯಾರವನ್ನೇ ಮುಂದೆ ತಳ್ಳಿ ಸಂಜೆಗೆ ಒಂದು ತಾಸು ಬೆಳಕು ಉಳಿಸಿಕೊಳ್ಳುತ್ತಾರೆ, ಚಳಿಗಾಲ ಬರುವಾಗ ಮತ್ತೆ ಹಿಂದೆ ಮಾಡುತ್ತಾರೆ. 1895ರಲ್ಲಿ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ ಇದನ್ನು ಸೂಚಿಸಿದ, ಅಂಚೆ ಕಚೇರಿಯಲ್ಲಿ ಕೆಲಸ, ಪಾಳಿ ಮುಗಿದ ಮೇಲೆ ಹುಳ ಹಿಡಿಯುವ ಹುಚ್ಚು ಅವನಿಗೆ. 1916ರಲ್ಲಿ ಯುದ್ಧದ ನಡುವೆ ಕಲ್ಲಿದ್ದಲು ಉಳಿಸಲು ಜರ್ಮನಿ ದೇಶಪೂರ್ತಿ ಜಾರಿಗೆ ತಂದಿತು. ನಮ್ಮಲ್ಲೂ 1942ರಿಂದ 1945ರ ತನಕ ಗಡಿಯಾರ ಒಂದು ತಾಸು ಮುಂದಿತ್ತು. ಇನ್ನು ಪಕ್ಕದ ಮುಂಬೈ 1955ರವರೆಗೂ ದೇಶದ ಸಮಯಕ್ಕಿಂತ 39 ನಿಮಿಷ ಹಿಂದಿನ ತನ್ನದೇ ಬಾಂಬೆ ಟೈಮ್ ಇಟ್ಟುಕೊಂಡಿತ್ತು! ಇದು ಗೊತ್ತಾದಾಗ ಅವ್ವನಿಗಿಂತ ಜಾಸ್ತಿ ಖುಷಿಯಾದದ್ದು ನನಗೆ.

ನೋಟ್‌ಪ್ಯಾಡ್‌ನಲ್ಲಿ ಫೈಲ್, ಪಕ್ಕದಲ್ಲಿ ಬ್ರೌಸರ್. ಮೊದಲ ದಿನ "ಒಂದು ತಾಸು" ಅನ್ನುವ ಎರಡು ಪದ ಕೆಂಪಾಗಬೇಕಿತ್ತು. ಆ ಪದಗಳ ಸುತ್ತ ಸ್ಪ್ಯಾನ್ ಅನ್ನುವ ಟ್ಯಾಗ್ ಹಾಕಿದೆ, ಅದರೊಳಗೆ ರೂಪ ಹೇಳುವ ಸ್ಟೈಲ್ ಅಟ್ರಿಬ್ಯೂಟ್, ಕಲರ್, ಕೋಲನ್, ರೆಡ್. ಏನೂ ಆಗಲಿಲ್ಲ. ಫೈಲ್ ಸೇವ್ ಮಾಡಿದೆ, ರಿಫ್ರೆಶ್ ಮಾಡಿದೆ, ಬ್ರೌಸರ್ ಮುಚ್ಚಿ ತೆಗೆದೆ. ಮುಕ್ಕಾಲು ತಾಸಿನ ಮೇಲೆ ರೂಮ್‌ಮೇಟ್ ಬಂದು ನೋಡಿ ನಕ್ಕ. ಶಾಲೆಯಲ್ಲಿ ಕಲಿಸಿದ ಹಾಗೆ ಕಲರ್ ಪದದಲ್ಲಿ ಯು ಅಕ್ಷರ ಸೇರಿಸಿ ಬರೆದಿದ್ದೆ. ಸಿಎಸ್‌ಎಸ್‌ಗೆ ಅಮೆರಿಕದ ಸ್ಪೆಲಿಂಗೇ ಬೇಕು, ಯು ಇರಬಾರದು. ತಪ್ಪಿದ್ದರೆ ಬ್ರೌಸರ್ ಬೈಯುವುದಿಲ್ಲ, ಎರರ್ ತೋರಿಸುವುದಿಲ್ಲ, ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ.

ಸೆಮಿಕೋಲನ್ ಕಥೆಯೂ ಹಾಗೇ. ಕಲರ್ ರೆಡ್ ಆದ ಮೇಲೆ ಸೆಮಿಕೋಲನ್ ಮರೆತು ಫಾಂಟ್-ಸೈಜ್ ಬರೆದೆ. ಕೊನೆಯದು ಮಾತ್ರ ಹಾಳಾಗುತ್ತದೆ ಅಂದುಕೊಂಡಿದ್ದೆ. ಎರಡೂ ಹೋದವು. ಬ್ರೌಸರ್‌ಗೆ ಅದೆಲ್ಲ ಸೇರಿ ಒಂದೇ ಉದ್ದದ ಬಣ್ಣದ ಹೆಸರು, ಅಂಥ ಬಣ್ಣ ಎಲ್ಲಿದೆ? ಇನ್ನೊಂದು ಸಲ ಆಫೀಸಿನ ಡಾಕ್ಯುಮೆಂಟಿನಿಂದ ಸಾಲು ಕಾಪಿ ಮಾಡಿದೆ, ಅದರ ಜೊತೆ ಬಾಗಿದ ಕೊಟೇಶನ್ ಗುರುತು ಬಂದಿತ್ತು. ನೇರ ಗುರುತು ಬಿಟ್ಟರೆ ಬೇರೆ ನಡೆಯುವುದಿಲ್ಲ. ಈಗ ಎಲ್ಲಾ ಕೈಯಾರೆ ಟೈಪ್ ಮಾಡುತ್ತೇನೆ.

ಸ್ಪ್ಯಾನ್‌ಗೆ ಟೆಕ್ಸ್ಟ್-ಅಲೈನ್ ಸೆಂಟರ್ ಕೊಟ್ಟು ನಡುವೆ ಬರಲಿಲ್ಲ ಅಂತ ಒದ್ದಾಡಿದ್ದೂ ಉಂಟು. ಸ್ಪ್ಯಾನ್ ಎಷ್ಟು ಪದವೋ ಅಷ್ಟೇ ಅಗಲ, ಅದರೊಳಗೆ ನಡುವೆ ಅಂದರೆ ಎಲ್ಲಿಗೆ ಹೋಗಬೇಕು ಅದು? ಇಡೀ ಪ್ಯಾರಾ ಸುತ್ತುವ ಪಿ ಟ್ಯಾಗ್‌ಗೆ ಕೊಟ್ಟಾಗ ಸರಿಹೋಯಿತು.

ಕನ್ನಡದಲ್ಲಿ ಅಭ್ಯಾಸ ಮಾಡಿದ್ದರಿಂದ ಒಂದು ಲಾಭವಾಯಿತು. ಲೈನ್-ಹೈಟ್, ಅಂದರೆ ಸಾಲಿನ ಎತ್ತರ, 1 ಇಟ್ಟಾಗ "ಮಹಾರಾಷ್ಟ್ರ" ಪದದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮೇಲೆ ಕೂತವು. 1.6ಕ್ಕೆ ಏರಿಸಿದ ಮೇಲೆ ಉಸಿರಾಡಲು ಜಾಗ ಸಿಕ್ಕಿತು. ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಎಲ್ಲರೂ ಹೇಳುತ್ತಾರೆ, ಇನ್‌ಲೈನ್ ಕೆಟ್ಟ ಅಭ್ಯಾಸ, ಸ್ಟೈಲ್ ಎಲ್ಲಾ ಬೇರೆ ಫೈಲಿನಲ್ಲಿ ಇಡಬೇಕು ಅಂತ. ಸೈಟ್ ಕಟ್ಟುವವರಿಗೆ ನಿಜ, ಇಪ್ಪತ್ತು ಕಡೆ ಬಣ್ಣ ಬದಲಿಸಬೇಕಾದರೆ ಇನ್‌ಲೈನ್‌ನಲ್ಲಿ ಪ್ರಾಣ ಹೋಗುತ್ತದೆ. ಆದರೆ ಮೇಲ್‌ಗೆ ಇದೇ ಸರಿ. ಕೆಲವು ಮೇಲ್ ಆ್ಯಪ್‌ಗಳು ಕೋಡಿನ ಮೇಲ್ಭಾಗದಲ್ಲಿ ಒಟ್ಟಿಗೆ ಬರೆದ ಸ್ಟೈಲನ್ನು ಕಿತ್ತುಹಾಕುತ್ತವೆ, ಟ್ಯಾಗ್‌ಗೇ ಅಂಟಿಸಿದ್ದು ಬಹುಪಾಲು ಉಳಿಯುತ್ತದೆ. ನಾನು ಫೈಲನ್ನು ಬ್ರೌಸರ್‌ನಲ್ಲಿ ತೆರೆದು, ಎಲ್ಲಾ ಸೆಲೆಕ್ಟ್ ಮಾಡಿ, ಮೇಲ್‌ನಲ್ಲಿ ಪೇಸ್ಟ್ ಮಾಡುತ್ತೇನೆ ಅಷ್ಟೇ.

ಮೊದಲ ಪರೀಕ್ಷೆಯ ಮೇಲ್‌ನಲ್ಲಿ ಐದು ಬಣ್ಣ ಇದ್ದವು, ಊರ ಜಾತ್ರೆ ಥರ. ಒಂದು ಹಳದಿ ಸಾಲು ಬಿಟ್ಟು ಎಲ್ಲಾ ತೆಗೆದೆ. ಆ ಹಳದಿಯೂ ಫೋನಿನ ಡಾರ್ಕ್ ಮೋಡ್‌ನಲ್ಲಿ ಕೈಕೊಟ್ಟಿತು, ಹಳದಿ ಮೇಲೆ ಬಿಳಿ ಅಕ್ಷರ, ಏನೂ ಕಾಣದು. ಬ್ಯಾಕ್‌ಗ್ರೌಂಡ್ ಕೊಟ್ಟ ಕಡೆ ಅಕ್ಷರದ ಬಣ್ಣ ಕಪ್ಪು ಅಂತಲೂ ಬರೆದೆ, ನನ್ನ ಫೋನಿನಲ್ಲಿ ಸರಿಯಾಯಿತು.

2026ರ ಮಾರ್ಚ್ 8ಕ್ಕೆ ಅಮೆರಿಕದ ಗಡಿಯಾರ ಮುಂದೆ ಹೋಯಿತು. ಹಳದಿ ಸಾಲಿನ ಮೇಲ್ ಶುಕ್ರವಾರ ಹೋಗಿತ್ತು, ಸೋಮವಾರ 7:30ಕ್ಕೆ ಎಲ್ಲರೂ ಹಾಜರ್. ಲಂಡನ್ನಿನವರದ್ದು ಮಾತ್ರ ಮಾರ್ಚ್ 29ಕ್ಕೆ ಬದಲಾಗುತ್ತದೆ, ಈ ಮೂರು ವಾರದ ಅಂತರದಲ್ಲೇ ಜಾಸ್ತಿ ಗೊಂದಲ. ಅವರ ಮಧ್ಯಾಹ್ನ 1 ಗಂಟೆಯ ಕಾಲ್‌ಗೆ ಫೈಲಿನಲ್ಲಿ ನಮ್ಮ ಸಂಜೆ 6:30 ಇದ್ದದ್ದನ್ನು 5:30 ಮಾಡಿ ಇಟ್ಟಿದ್ದೇನೆ. ಬಣ್ಣ ಮುಟ್ಟಿಲ್ಲ.