ಟಯರ್ ಗೇಜ್ ಸರಿಯಾದದ್ದು ಹೀಗೆ

ಮಳೆಗಾಲ ಶುರುವಾದ ಮೇಲೆ ಟಯರಿನ ಗಾಳಿಯ ಒತ್ತಡ ಅಳೆಯುವ ನನ್ನ ಸಣ್ಣ ಡಿಜಿಟಲ್ ಗೇಜ್ ಒಂದೇ ಟಯರಿಗೆ ಒಮ್ಮೆ 27, ಇನ್ನೊಮ್ಮೆ 31 ಪಿಎಸ್‌ಐ ತೋರಿಸ್ತಿತ್ತು, ಡಿಸ್‌ಪ್ಲೇ ಬೇರೆ ಮಸುಕು. ಉಡುಪಿಯ ಉಪ್ಪುಗಾಳಿ ಗೊತ್ತುಂಟಲ್ಲ, ಬಿಚ್ಚಿ ನೋಡಿದ್ರೆ ಸೆಲ್ ಕೂರುವ ತಗಡಿನಲ್ಲಿ ಹಸಿರು ಕಿಲುಬು, ಅದನ್ನು ಪೆನ್ಸಿಲ್ ರಬ್ಬರಲ್ಲಿ ಮೆಲ್ಲ ಉಜ್ಜಿ ಹೊಸ ಸಿಆರ್2032 ಸೆಲ್ (ನಾಣ್ಯದ ಹಾಗಿರುವ ಚಪ್ಪಟೆ ಬ್ಯಾಟರಿ) ಹಾಕಿದೆ, ಡಿಸ್‌ಪ್ಲೇ ಸರಿಯಾಯ್ತು. ಆದ್ರೂ ರೀಡಿಂಗ್ ಹೆಚ್ಚುಕಮ್ಮಿ ಬರ್ತಾನೇ ಇತ್ತು ಮಾರಾಯ್ರೆ, ನೋಡಿದ್ರೆ ಮೂತಿಯೊಳಗಿನ ರಬ್ಬರ್ ವಾಷರಲ್ಲಿ ಮರಳು! ಮರಳು ತೆಗೆದದ್ದೇ, ಗೇಜ್ ಹಿಡಿಯುವಾಗ ಬುಸ್ ಅಂತ ಗಾಳಿ ಸೋರುವುದು ನಿಂತಿತು, ಮೂರು ಸಲ ಹಿಡಿದ್ರೂ 31. ಅಳೆಯುವುದು ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ, ಓಡಿದ ಟಯರ್ ಬಿಸಿಯಾಗಿ ಜಾಸ್ತಿ ತೋರಿಸ್ತದೆ. ಹೊಸತು ತಗೊಳ್ಳುವುದಾದ್ರೆ ಸೆಲ್ ಬದಲಿಸ್ಲಿಕ್ಕೆ ಆಗುವಂಥದ್ದೇ ನೋಡಿ, ಅಂಟಿಸಿ ಮುಚ್ಚಿದ್ದು ಖಂಡಿತ ಬೇಡ. ನನ್ನದನ್ನು ಈಗ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲೇ ಇಡ್ತೇನೆ.